ಯೂಫಮ್ಮನ ಪೆನ್ಸಿಲ್ ಸಾಲುಗಳು

ಪಾರ್ಸಿಪನಿ, ನ್ಯೂಜೆರ್ಸಿ
ಭಾನುವಾರ, ೧೯ ಅಕ್ಟೋಬರ್ ೨೦೨೫

ಪ್ರೀತಿಯ ಮಗಳು ಗಾರ್ಗಿಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಕೆಮ್ಮು ಹೇಗಿದೆ? ಆ ಇಂಗ್ಲೆಂಡಿನಲ್ಲಿ ಬಿಸಿಲು ಬರುವುದೇ ಅಪರೂಪ, ಬಂದ ದಿನವೂ ಲೈಬ್ರರಿಯ ನೆಲಮಾಳಿಗೆಯಲ್ಲಿ ಕೂತು ಹಳೆಯ ಕಾಗದದ ಧೂಳು ಕುಡಿಯಬೇಡ. ಅಮ್ಮ ಕಳಿಸಿದ ಸಾರಿನ ಪುಡಿ ಮುಗಿದಿದ್ದರೆ ಹೇಳು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಶುಗರ್ ಹತೋಟಿಯಲ್ಲಿದೆ, ಕಣ್ಣು ಮಾತ್ರ ಸ್ವಲ್ಪ ಮಂಜು, ವಯಸ್ಸಿಗೆ ತಕ್ಕಂತೆ. ಅಮ್ಮನ ಮಂಡಿನೋವು ಮೊದಲಿದ್ದಂತೆಯೇ ಇದೆ. ನೀನು ಫೋನಿನಲ್ಲಿ "ಅಮ್ಮಾ, ಸಾಕು, ಇನ್ಮೇಲೆ ಡ್ರೈವ್ ಮಾಡ್ಬೇಡ, ಕೀ ಅಪ್ಪಂಗೆ ಕೊಟ್ಬಿಡು" ಎಂದು ಅಪ್ಪಣೆ ಮಾಡಿದ ಮೇಲೆ ಅವಳು ಕಾರು ಮುಟ್ಟಿಲ್ಲ. ಕೀ ನನ್ನ ಮೇಜಿನ ಡ್ರಾಯರಿನಲ್ಲಿದೆ. ಆ ವಿಷಯ ಆಮೇಲೆ ಬರೆಯುತ್ತೇನೆ.

ಮೊದಲು ನಿನ್ನ ಕೆಲಸ. ಮೂವತ್ತೊಂದು ವರ್ಷ ವಾಹನಗಳ ಬ್ರೇಕು ಬಿಟ್ಟು ಬೇರೇನೂ ನೋಡದ ಇಂಜಿನಿಯರ್ ಒಬ್ಬನ ಅಭಿಪ್ರಾಯ ನಿನ್ನ ಪ್ರಬಂಧದ ಕೊನೆಯಲ್ಲಿ ಸೇರಿಸಬೇಕು, ಅದು ಕೈಬರಹದಲ್ಲಿರಬೇಕು, ಸಹಿ ಇರಬೇಕು ಎಂದೆಯಲ್ಲ, ಅದಕ್ಕೇ ಈ ಕಾಗದ. ನೀನು ಕೇಳಿದ್ದು ಒಂದೇ ಪ್ರಶ್ನೆ. ೧೯೦೪ರಲ್ಲಿ ಆ ಹೆಂಗಸಿನ ಮೋಟಾರು ಏರಿನಲ್ಲಿ ಹಿಂದಕ್ಕೆ ಜಾರಿದ್ದು ಬ್ರೇಕಿನ ತಪ್ಪೋ ಅವಳ ತಪ್ಪೋ ಎಂದು. ಒಂದು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಬಹುದಿತ್ತು. ಆದರೆ ನನ್ನ ಎರಡು ತಿಂಗಳನ್ನು ತಿಂದ ಈ ಮಹಾತಾಯಿಯ ಬಗ್ಗೆ ನಾಲ್ಕು ಮಾತು ಬೈಯದೆ ಬಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ.

ಯೂಫೀಮಿಯಾ ಗ್ಯಾರೋಬಿ. ಅಮ್ಮ ಅವಳನ್ನು ಯೂಫಮ್ಮ ಎಂದು ಕರೆಯುತ್ತಾಳೆ, ನಮ್ಮ ಮನೆಯಲ್ಲಿ ಈಗ ಅದೇ ಹೆಸರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಪ್ಪತ್ತೇಳು ಕಾದಂಬರಿ ಬರೆದಳಂತೆ. ನಾಲ್ಕನ್ನು ಓದಿದೆ. ನಾಲ್ಕಕ್ಕೂ ಒಂದೇ ಕಥೆ. ಒಂಬತ್ತನೇ ಅಧ್ಯಾಯಕ್ಕೆ ಸರಿಯಾಗಿ ನಾಯಕಿಗೆ ಜ್ವರ ಬರುತ್ತದೆ. ಹದಿನೈದರಲ್ಲಿ, ಸತ್ತ ಎಂದುಕೊಂಡ ನಾಯಕ ಯಾವುದೋ ಬಿಸಿಲು ದೇಶದಿಂದ ಗಡ್ಡ ಬಿಟ್ಟುಕೊಂಡು ವಾಪಸು ಬರುತ್ತಾನೆ. ನಾಯಕಿಗೆ ಅವನ ಗುರುತು ಸಿಗುವುದಿಲ್ಲ, ನಾಯಿಗೆ ಸಿಗುತ್ತದೆ. ಮನುಷ್ಯರಿಗಿಂತ ನಾಯಿಗೆ ಹೆಚ್ಚು ಬುದ್ಧಿ ಕೊಟ್ಟು ಇಪ್ಪತ್ತೇಳು ಪುಸ್ತಕ ಮಾರಿದವಳು! ಪ್ರಪಂಚ ಅವಳನ್ನು ಮರೆತದ್ದು ಘೋರ ಅನ್ಯಾಯ ಎಂದು ನೀನು ಬರೆದಿದ್ದೀಯ. ನಾಲ್ಕು ಓದಿದವನಾಗಿ ಹೇಳುತ್ತೇನೆ, ಈ ಒಂದು ವಿಷಯದಲ್ಲಿ ಪ್ರಪಂಚ ಸರಿಯಾಗಿಯೇ ನಡೆದುಕೊಂಡಿದೆ. ಐದನೆಯದು ನಡೆಯುತ್ತಿದೆ, ಅದರಲ್ಲಿ ನಾಯಿ ಇನ್ನೂ ಬಂದಿಲ್ಲ. ಅಮ್ಮ ನಗುತ್ತಾಳೆ, ಇಷ್ಟು ಬೈದುಕೊಂಡು ಯಾರಾದರೂ ಓದುತ್ತಾರೆಯೇ ಎಂದು. ನಿನ್ನ ಮೇಲಿನ ಪ್ರೀತಿಗೆ ಓದುತ್ತಿದ್ದೇನೆ, ಬೇರೆ ಕಾರಣವಿಲ್ಲ.

ಆದರೆ ಒಂದು ಪುಸ್ತಕದ ವಿಷಯದಲ್ಲಿ ನನ್ನ ಬಾಯಿ ಕಟ್ಟಿದೆ. ಐವತ್ತಮೂರನೇ ವಯಸ್ಸಿನಲ್ಲಿ ಈ ಹೆಂಗಸು ಮೋಟಾರು ಕೊಂಡು, ಮಳೆಯಲ್ಲಿ ಕೆಸರಿನಲ್ಲಿ ತಾನೇ ಓಡಿಸಿ, ಕೆಟ್ಟಾಗ ಅದರಡಿ ತಾನೇ ಮಲಗಿ ರಿಪೇರಿ ಮಾಡಿ, ಹೆಂಗಸರಿಗಾಗಿ ಮೋಟಾರು ಓಡಿಸುವ ಕೈಪಿಡಿ ಬರೆದಳಲ್ಲ, ಅದು. ಅದರಲ್ಲಿ ಜ್ವರವಿಲ್ಲ, ಗಡ್ಡವಿಲ್ಲ. ಇಂಥ ಸ್ವಚ್ಛವಾದ ತಾಂತ್ರಿಕ ಬರವಣಿಗೆಯನ್ನು ನಾನು ಕೆಲಸ ಮಾಡಿದ ಕಡೆ ಒಬ್ಬ ಮ್ಯಾನೇಜರ್ ಕೂಡ ಬರೆದದ್ದು ಕಾಣೆ. ಆಗಿನ ಬ್ರೇಕು ಅಚ್ಚಿನ ಸುತ್ತ ಬಿಗಿಯುವ ಒಂದು ಪಟ್ಟಿ, ಅಷ್ಟೆ. ಗಾಡಿ ಮುಂದೆ ಹೋಗುವಾಗ ಹಿಡಿಯುತ್ತದೆ, ಹಿಂದೆ ಜಾರುವಾಗ ಸಡಿಲವಾಗುತ್ತದೆ. ಅದಕ್ಕೇ ಗಾಡಿಯ ಹೊಟ್ಟೆಯ ಕೆಳಗೆ ಚೂಪು ಮೊನೆಯ ಕಬ್ಬಿಣದ ಸಲಾಕೆಯೊಂದನ್ನು ಹಗ್ಗದಿಂದ ತೂಗುಹಾಕಿರುತ್ತಿದ್ದರು. ಏರು ಬಂದಾಗ ಹಗ್ಗ ಸಡಿಲಿಸಿ ಅದನ್ನು ಇಳಿಸಿಕೊಂಡರೆ, ಗಾಡಿ ಜಾರಿದ ತಕ್ಷಣ ನೆಲಕ್ಕೆ ನಾಟಿ ನಿಲ್ಲಿಸುತ್ತದೆ. ಯೂಫಮ್ಮ ಬರೆಯುತ್ತಾಳೆ, ಏರಿನ ಬುಡದಲ್ಲಿ ಮೊದಲು ಸಲಾಕೆ ಇಳಿಸಿ, ದೇವರನ್ನು ನೆನೆಯುವುದು ಆಮೇಲೆ ಎಂದು. ಈ ಮಾತನ್ನು ಚೌಕಟ್ಟು ಹಾಕಿಸಿ ನಮ್ಮ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ತೂಗುಹಾಕಬೇಕು.

ಆ ಪಾರ್ಕಿಂಗ್ ಲಾಟಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನೀನು ಅದನ್ನು ವಾಟ್ಸಾಪಿನಲ್ಲಿ ಬಂದ ನಾಲ್ಕು ಫೋಟೋಗಳಿಂದ ತಿಳಿದವಳು. ಆಯುಧಪೂಜೆಯ ವಾರದ ಶನಿವಾರ ಸಂಜೆ. ಅರವತ್ತು ಎಪ್ಪತ್ತು ಕಾರು ಸಾಲಾಗಿ ನಿಂತಿವೆ. ಅವುಗಳ ಯಜಮಾನರು ಜರಿ ಪಂಚೆ ಉಟ್ಟು, ಅದರ ಮೇಲೆ ಪಫರ್ ಜಾಕೆಟ್ ತೊಟ್ಟು, ಕಾಲಿಗೆ ಸ್ನೀಕರ್ಸ್ ಏರಿಸಿಕೊಂಡು ನಿಂತಿದ್ದಾರೆ. ಹುಡ್ಡನ್ನು, ಅದೇ ನಮ್ಮೂರಿನ ಬಾನೆಟ್ಟನ್ನು, ತೆರೆಯುವುದು ಹೇಗೆಂದು ಒಬ್ಬನಿಗೂ ಗೊತ್ತಿಲ್ಲ, ಇಂಜಿನ್ನಿಗೆ ಆರತಿ ಎತ್ತಬೇಕು! ನಮ್ಮ ಪಕ್ಕದ ಮನೆಯ ವಿಕ್ರಾಂತ್, ಅಷ್ಟು ದೊಡ್ಡ ಸಂಬಳದ ಗಂಡು, ಹುಡ್ ತೆರೆಯುವುದನ್ನು ಯೂಟ್ಯೂಬ್ ನೋಡಿ ಕಲಿತ, ಅದೂ ಭಟ್ಟರು ಮಂಗಳಾರತಿ ತಟ್ಟೆ ಹಿಡಿದು ಕಾಯುತ್ತಿರುವಾಗ. ನಮ್ಮ ಹೊಸ ಕಾರಿಗೂ ಪೂಜೆಯಾಯಿತು. ಸೇವಂತಿಗೆ ಹಾರ, ಗಂಧ, ಕುಂಕುಮ. ಭಟ್ಟರು ಹುಡ್ಡಿಗೆ ಮಾತ್ರ ಇಟ್ಟು ಮುಂದಿನ ಕಾರಿಗೆ ಹೋದರು. ಅಷ್ಟಕ್ಕೆ ತೃಪ್ತಿಯಾಗದ ಒಬ್ಬ ಮಹಾನುಭಾವ ಹಿಂದೆ ಹೋಗಿ, ಬಂಪರಿನ ನಾಲ್ಕು ಸೆನ್ಸರ್ ಗುಂಡಿಗಳಿಗೂ ಗಂಧ ಮೆತ್ತಿ, ನಂಬರ್ ಪ್ಲೇಟಿನ ಮೇಲಿರುವ ಕ್ಯಾಮೆರಾದ ಕಣ್ಣಿಗೆ ದಪ್ಪನಾಗಿ ಒದ್ದೆ ಕುಂಕುಮ ಇಟ್ಟ. ಕಾರಿಗೆ ಇದ್ದ ಒಂದೇ ಹಿಂಗಣ್ಣು, ಅದನ್ನೂ ಭಕ್ತಿಯಿಂದ ಕುರುಡು ಮಾಡಿದ. ಕಾರು ನಿಂಬೆಹಣ್ಣುಗಳನ್ನು ಅರೆದು ಮುಂದೆ ಹೋಯಿತು, ಆಮೇಲೆ ಎದುರಿನವರಿಗೆ ದಾರಿ ಬಿಡಲು ರಿವರ್ಸಿನಲ್ಲಿ ಬಂತು. ಸ್ಕ್ರೀನ್ ಪೂರ್ತಿ ಕೆಂಪು, ಸೆನ್ಸರಿನಿಂದ ಒಂದು ಬೀಪ್ ಸದ್ದಿಲ್ಲ. ಪ್ರಸಾದದ ತಟ್ಟೆ ಹಿಡಿದು ಹಿಂದೆ ದಾಟುತ್ತಿದ್ದ ನಿಂಗಮ್ಮನವರಿಗೆ ತಗುಲಿತು. ಅವರು ಕೈ ಊರಿ ಬಿದ್ದರು, ಮಣಿಕಟ್ಟಿನ ಮೂಳೆ ಮುರಿಯಿತು.

ನಿಂಗಮ್ಮ ಯಾರೆಂದು ನಿನಗೆ ನೆನಪಿರಬಹುದು, ಓಲ್ಡ್ ಬ್ರಿಡ್ಜ್ ಊರಿನ ಪುಟ್ಟಸ್ವಾಮಿಯ ತಾಯಿ, ಮಂಡ್ಯದ ಕಡೆಯವರು, ಆರು ತಿಂಗಳಿಗೆಂದು ಬಂದವರು. ಆ ಪುಟ್ಟಸ್ವಾಮಿಯ ಮನೆಯ ಬೇಸ್ಮೆಂಟಿನಲ್ಲೇ ಅಮ್ಮ ಪ್ರತಿ ಶನಿವಾರ ಹದಿನಾಲ್ಕು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದದ್ದು. ಹನ್ನೊಂದು ವರ್ಷ, ಹಿಮ ಬಿದ್ದ ದಿನ ಬಿಟ್ಟು ಒಂದು ಶನಿವಾರ ತಪ್ಪಿಸಿದವಳಲ್ಲ. ಆ ಹೈವೇಯಲ್ಲಿ ಒಂದು ಗಂಟೆ ಹೋಗಿ, ಒಂದು ಗಂಟೆ ಬಂದು, ಒಂದು ಗೀರು ಮಾಡದವಳು. ಈಗ ನಮ್ಮ ಜನ ಅವಳನ್ನು ಆಡಿಕೊಳ್ಳುವುದನ್ನು ಕೇಳಬೇಕು. ಮಾರನೇ ದಿನವೇ ಸಂಘದ ಗ್ರೂಪಿನಲ್ಲಿ ಹಿರಿಯರ ಸುರಕ್ಷತೆಯ ಬಗ್ಗೆ ಉಪದೇಶ ಶುರು. ಹೆಸರು ಹೇಳಿಲ್ಲ, ಅಷ್ಟು ಸಭ್ಯರು. ಕೈಮುಗಿಯುವ ಚಿತ್ರ ಇಪ್ಪತ್ತು ಜನರಿಂದ. ಪುಟ್ಟಸ್ವಾಮಿ ನನಗೆ ಫೋನ್ ಮಾಡಿ, "ಬೇಜಾರ್ ಮಾಡ್ಕೋಬೇಡಿ ಸಾರ್, ಆಂಟಿ ಸ್ವಲ್ಪ ದಿನ ರೆಸ್ಟ್ ತಗೊಳ್ಲಿ, ಕ್ಲಾಸಿಗೆ ಬೇರೆ ಯಾರನ್ನಾದ್ರೂ ನೋಡ್ತೀವಿ. ಹೆಂಗೂ ಅವ್ರಿಗೆ ರಿವರ್ಸ್ ಬರಲ್ವಂತಲ್ಲ" ಎಂದ. ಬರುವುದಿಲ್ಲವಂತೆ! ಟ್ರಕ್ಕುಗಳ ನಡುವೆ ಹನ್ನೊಂದು ವರ್ಷ ಓಡಿಸಿದವಳಿಗೆ ರಿವರ್ಸ್ ಬರುವುದಿಲ್ಲವಂತೆ. ಎರಡು ಶನಿವಾರಗಳಿಂದ ಅವಳು ಹತ್ತು ಗಂಟೆಗೆ ಸರಿಯಾಗಿ ಸೀರೆ ಉಟ್ಟು ತಯಾರಾಗುತ್ತಾಳೆ, ಆಮೇಲೆ ಅಡುಗೆಮನೆಗೆ ಹೋಗಿ ಡಬ್ಬಗಳನ್ನು ತೊಳೆಯುತ್ತಾಳೆ. ತೊಳೆದ ಡಬ್ಬಗಳನ್ನೇ ಮತ್ತೆ ತೊಳೆಯುತ್ತಾಳೆ.

ನಿಂಗಮ್ಮನವರನ್ನು ನೋಡಲು ಹೋಗಿದ್ದೆವು, ವಿಕ್ರಾಂತನ ಕಾರಿನಲ್ಲಿ. ಆ ಹೆಂಗಸು ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಅಮ್ಮನ ಬೆನ್ನು ಸವರಿ, "ಬುಡವ್ವ, ಮೂಳೆ ತಾನೆ, ಕೂಡ್ಕತದೆ. ನೀ ಯಾಕ್ ಅಳ್ತೀಯೆ?" ಎಂದರು. ಆ ಮನೆಯಲ್ಲಿ ಮನುಷ್ಯರಂತೆ ಮಾತಾಡಿದವರು ಅವರೊಬ್ಬರೇ. ಹೊರಡುವಾಗ ನನ್ನ ಮುಖ ನೋಡಿ, "ನಿಮ್ ಕಣ್ಣು ಹೆಂಗದೆ ಸ್ವಾಮಿ ಈಗ?" ಎಂದು ಕೇಳಿದರು. ಚೆನ್ನಾಗಿದೆ ಎಂದೆ.

ಇರಲಿ, ಯೂಫಮ್ಮನಿಗೆ ಬರೋಣ. ನೀನು ಬರೆದ ಪ್ರಕಾರ ಸೆಪ್ಟೆಂಬರ್ ೧೯೦೪ರಲ್ಲಿ ಆಶ್‌ಕೂಂಬ್ ಎಂಬ ಹಳ್ಳಿಯ ಏರಿನಲ್ಲಿ ಅವಳ ಗಾಡಿ ಹಿಂದಕ್ಕೆ ಉರುಳಿ, ರಸ್ತೆಯಲ್ಲಿದ್ದ ಶಾಲಾ ಮಾಸ್ತರನ ಕಾಲು ಮುರಿಯಿತು. ಸಲಾಕೆ ಇಳಿಸಿರಲಿಲ್ಲ. ಗಾಡಿಯಲ್ಲಿದ್ದವರು ಗಂಡಹೆಂಡತಿ ಇಬ್ಬರೇ. ವಿಚಾರಣೆಯಲ್ಲಿ ಅವಳ ಗಂಡ ಕರ್ನಲ್ ಗ್ಯಾರೋಬಿ ಎದ್ದು ನಿಂತು, "ನನ್ನ ಹೆಂಡತಿಗೆ ಏರುದಾರಿ ಎಂದೂ ಒಗ್ಗಿ ಬರಲಿಲ್ಲ" ಎಂದ. ಅವಳು ಒಂದು ಮಾತೂ ಆಡಲಿಲ್ಲ. ಪತ್ರಿಕೆಗಳು ಮೋಟಾರಿನಲ್ಲಿ ಕೂತ ಅಜ್ಜಿಯ ವ್ಯಂಗ್ಯಚಿತ್ರ ಬರೆದವು, ಪ್ರಕಾಶಕ ಕೈಪಿಡಿಯನ್ನು ಅಂಗಡಿಗಳಿಂದ ವಾಪಸು ತರಿಸಿಕೊಂಡ, ಅವಳು ಮತ್ತೆಂದೂ ಮೋಟಾರು ಹತ್ತಲಿಲ್ಲ, ಕಾದಂಬರಿಯನ್ನೂ ಬರೆಯಲಿಲ್ಲ. ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ಹದಿನೈದು ವರ್ಷ ಬದುಕಿ ಸತ್ತಳು. ಇದನ್ನು ನಿಮ್ಮ ಪ್ರೊಫೆಸರುಗಳು ಮೂವರು ಮೂರು ಪುಸ್ತಕಗಳಲ್ಲಿ ಹೀಗೇ ಬರೆದಿದ್ದಾರೆ. ಅದರಲ್ಲಿ ಒಬ್ಬ, ಅಪಘಾತದ ದಿನದ ಡೈರಿಯ ಅಕ್ಷರಗಳು ನಡುಗಿರುವುದನ್ನು ನೋಡಿ, ಆಕೆಯ ಮನಸ್ಸಿನ ತಳಮಳ ಬರವಣಿಗೆಯಲ್ಲೇ ಕಾಣುತ್ತದೆ ಎಂದು ಅಡಿಟಿಪ್ಪಣಿ ಹಾಕಿದ್ದಾನೆ. ತಳಮಳವಂತೆ! ಈ ಮನುಷ್ಯನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ಬರೆ ಎನ್ನಬೇಕು.

ನೀನು ಕಳಿಸಿದ ಆ ಡೈರಿಯ ಮೂವತ್ತೆಂಟು ಪುಟಗಳನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಭೂತಗನ್ನಡಿ ಹಿಡಿದು, ಒಂದೊಂದು ಸಾಲನ್ನೂ ನೋಡಿದೆ. ಗಮನವಿಟ್ಟು ಓದು, ನನ್ನ ಅಭಿಪ್ರಾಯ ಇಲ್ಲಿದೆ. ಉಳಿದೆಲ್ಲ ದಿನಗಳಲ್ಲಿ ಅವಳು ಡೈರಿಯನ್ನು ಗಾಡಿ ನಿಂತ ಮೇಲೆ, ಶಾಯಿಯಲ್ಲಿ, ಮುತ್ತಿನಂಥ ಅಕ್ಷರಗಳಲ್ಲಿ ಬರೆದಿದ್ದಾಳೆ. ಆ ಒಂದು ದಿನ ಮಾತ್ರ, ಊಟದ ಹೊತ್ತಿನಿಂದ ಏರಿನ ಬುಡದವರೆಗೆ, ಪೆನ್ಸಿಲಿನಲ್ಲಿ ಐದು ಸಾಲುಗಳಿವೆ. ಎರಡು ಗಂಟೆ ಹತ್ತು ನಿಮಿಷ, ಮೂರನೇ ಮೈಲಿಗಲ್ಲು. ಎರಡು ಹದಿನೈದು, ನಾಲ್ಕನೆಯದು. ಹೀಗೆ ಪ್ರತಿ ಮೈಲಿಗಲ್ಲು ದಾಟಿದ ಹೊತ್ತು. ಎಲ್ಲೂ ನಿಂತಿಲ್ಲ, ನಿಂತಿದ್ದರೆ ಆ ಹೊತ್ತಿಗೆ ಆ ಕಲ್ಲು ತಲುಪಲು ಆಗುತ್ತಿರಲಿಲ್ಲ, ನಾನು ಲೆಕ್ಕ ಹಾಕಿ ನೋಡಿದ್ದೇನೆ. ಅಂದರೆ ಗಾಡಿ ಓಡುತ್ತಿರುವಾಗ ಬರೆದದ್ದು. ಅಕ್ಷರ ನಡುಗಿದ್ದು ಗಟ್ಟಿ ಟೈರು ಕಲ್ಲು ರಸ್ತೆಯ ಮೇಲೆ ಕುಲುಕಿದ್ದರಿಂದ. ಆ ಮಾದರಿಯ ಗಾಡಿಗೆ ಸ್ಟೀರಿಂಗ್ ಚಕ್ರವಿಲ್ಲ, ದೋಣಿಯ ಚುಕ್ಕಾಣಿಯಂಥ ಒಂದು ಹಿಡಿ. ಎಡಗೈ ಅದರ ಮೇಲೆ, ಬಲಗೈ ವೇಗದ ಸನ್ನೆಕೋಲಿನ ಮೇಲೆ. ಎರಡರಲ್ಲಿ ಒಂದನ್ನು ಬಿಟ್ಟರೂ ಗಾಡಿ ಹಳ್ಳಕ್ಕೆ ಎಂದು ಅವಳ ಕೈಪಿಡಿಯೇ ಹೇಳುತ್ತದೆ. ಎರಡೂ ಕೈ ಗಾಡಿಗೆ ಬೇಕು ಅಂದ ಮೇಲೆ ಡೈರಿ ಹಿಡಿದವರು ಯಾರು, ಪೆನ್ಸಿಲ್ ಹಿಡಿದವರು ಯಾರು? ಆ ದಿನ ಯೂಫಮ್ಮ ಗಾಡಿ ಓಡಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಮೈಲಿಗಲ್ಲು ಬರೆದುಕೊಳ್ಳುತ್ತಿದ್ದಳು. ಓಡಿಸುತ್ತಿದ್ದವನು ಕರ್ನಲ್. ಸಲಾಕೆ ಇಳಿಸದವನು ಕರ್ನಲ್. ಬ್ರೇಕಿನದೂ ತಪ್ಪಿಲ್ಲ, ಅವಳದೂ ತಪ್ಪಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಬೇರೆ ಹಾಳೆಯಲ್ಲಿ ಬರೆದು, ಸಹಿ ಮಾಡಿ ಇಟ್ಟಿದ್ದೇನೆ. ನಿನ್ನ ಪ್ರೊಫೆಸರುಗಳಿಗೆ ತೋರಿಸು.

ಆ ಕರ್ನಲ್‌ನನ್ನು ನೆನೆದರೆ ಮೈ ಉರಿಯುತ್ತದೆ. ಥೂ! ಎಲ್ಲೋ ಯುದ್ಧ ಮಾಡಿ ಪದಕ ಕಟ್ಟಿಸಿಕೊಂಡು ಬಂದವನಂತೆ. ಹಳ್ಳಿಯ ಬೀದಿಯಲ್ಲಿ ಹೆಂಡತಿ ಓಡಿಸುವ ಗಾಡಿಯಲ್ಲಿ ಕೂತು ಹೋದರೆ ಮೀಸೆ ಮಣ್ಣಾಗುತ್ತದೆ ಎಂದು ಗಾಡಿಯನ್ನು ಅವಳ ಕೈಯಿಂದ ಕಿತ್ತುಕೊಂಡಿರಬೇಕು. ಅದನ್ನು ಬೇಕಾದರೆ ಕ್ಷಮಿಸಬಹುದು, ಗಂಡಸರ ಜಂಬ ಎಲ್ಲ ಕಡೆಯೂ ಇದ್ದದ್ದೇ. ಆದರೆ ಅಷ್ಟು ಜನರ ಮುಂದೆ, ಅವಳು ಪಕ್ಕದಲ್ಲೇ ಕೂತಿರುವಾಗ, ಆ ಒಂದು ವಾಕ್ಯ ಹೇಳಲು ಅವನ ನಾಲಿಗೆ ಹೇಗೆ ಹೊರಳಿತು? ಸುಳ್ಳು ಕೂಡ ಪೂರ್ತಿ ಹೇಳಲಿಲ್ಲ ಹೇಡಿ. ಅವಳು ಓಡಿಸುತ್ತಿದ್ದಳು ಎನ್ನಲಿಲ್ಲ. ಅವಳಿಗೆ ಒಗ್ಗಿ ಬರಲಿಲ್ಲ ಎಂದ, ಉಳಿದದ್ದನ್ನು ಜನರೇ ತುಂಬಿಕೊಂಡರು. ಅವಳು ಯಾಕೆ ಸುಮ್ಮನಿದ್ದಳು, ಅದೇ ತನಗೆ ಅರ್ಥವಾಗುವುದಿಲ್ಲ ಎಂದು ನೀನು ಬರೆದಿದ್ದೀಯ. ಅದಕ್ಕೆ ಡೈರಿಯಲ್ಲಿ ಉತ್ತರವಿಲ್ಲ ಗಾರ್ಗಿ. ನಾಲ್ಕು ಜನರ ಮುಂದೆ ಗಂಡನ ತಲೆ ತಗ್ಗಬಾರದು ಎಂದು ಒಂದು ನಿಮಿಷ ಸುಮ್ಮನಿದ್ದಿರಬೇಕು. ಆ ನಿಮಿಷ ಕಳೆದ ಮೇಲೆ ಮಾತಾಡಬೇಕಾದವನು ಅವನು. ಅವನು ಬಾಯಿ ಬಿಡಲಿ ಎಂದು ಹದಿನೈದು ವರ್ಷ ಕಾದಿರಬೇಕು.

ಕಾಗದ ಉದ್ದವಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆಚ್ಚಗಿರು. ಅಮ್ಮ ನಿನಗೆ ತಲೆಗೆ ಎಣ್ಣೆ ಹಚ್ಚಿಕೋ ಎಂದು ಹೇಳಲು ಹೇಳಿದ್ದಾಳೆ. ನಿನ್ನ ಪ್ರಬಂಧ ಎಲ್ಲರ ಕಣ್ಣು ತೆರೆಸಲಿ, ದೇವರು ನಿನಗೆ ಒಳ್ಳೆಯದು ಮಾಡಲಿ.

ಇಂತು ನಿನ್ನ ಅಪ್ಪ,
ಸೂರ್ಯನಾರಾಯಣ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಅವತ್ತು ದೇವಸ್ಥಾನದಲ್ಲಿ ಕಾರು ಓಡಿಸುತ್ತಿದ್ದವನು ನಾನು, ಅಮ್ಮನಲ್ಲ. ಕ್ಯಾಮೆರಾಕ್ಕೆ ಕುಂಕುಮ ಇಟ್ಟ ಮಹಾನುಭಾವನೂ ನಾನೇ. ಕಣ್ಣಿನ ಪೊರೆಯ ಆಪರೇಷನ್ ಆಗುವವರೆಗೆ ಸ್ಟೀರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಆಗಸ್ಟಿನಲ್ಲೇ ಹೇಳಿದ್ದರು, ನಿನಗೆ ತಿಳಿಸಿರಲಿಲ್ಲ. ಅಮ್ಮ "ರೀ, ಕೀ ಇಲ್ಲಿ ಕೊಡಿ, ನಾನ್ ತೆಗೀತೀನಿ" ಎಂದು ಎರಡು ಸಲ ಕೇಳಿದಳು. ಅಷ್ಟು ಜನರೆದುರು ಹೊಸ ಕಾರು, ಕೊಡಲಿಲ್ಲ. ನಿಂಗಮ್ಮ ಬಿದ್ದಾಗ ನಾನು ಇಳಿದು ಓಡಿದೆ. ಕಾರನ್ನು ಮುಂದಕ್ಕೆ ತೆಗೆಯಲು ಅವಳು ನನ್ನ ಸೀಟಿಗೆ ಸರಿದಳು, ಜನ ಸೇರಿದಾಗ ಸ್ಟೀರಿಂಗ್ ಮುಂದೆ ಕೂತಿದ್ದವಳು ಅವಳು. ಅವಳು ನನ್ನ ಮುಖ ನೋಡಿದಳು, ನಾನು ಬಾಯಿ ತೆರೆಯಲಿಲ್ಲ. ಪುಟ್ಟಸ್ವಾಮಿಗೆ "ಅವಳಿಗೆ ರಿವರ್ಸ್ ಯಾವಾಗ್ಲೂ ಸ್ವಲ್ಪ ಕಷ್ಟಾನೇ" ಎಂದು ಹೇಳಿದವನು ನಾನೇ. ಇನ್ಶೂರೆನ್ಸ್ ಫಾರಂನಲ್ಲಿ ಅವಳ ಹೆಸರು ಬರೆದದ್ದೂ ನನ್ನ ಕೈ. ಮೇಲೆ ಕರ್ನಲ್‌ಗೆ ಬೈದದ್ದನ್ನೆಲ್ಲ ಇನ್ನೊಮ್ಮೆ ಓದು, ಒಂದು ಮಾತನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಫಾರಂ ತಿದ್ದಿ ಬರೆದದ್ದು ಈ ಕಾಗದದ ಜೊತೆಯೇ ನಾಳೆ ಅಂಚೆಗೆ ಹೋಗುತ್ತದೆ, ಆಗಿದ್ದಾಗಲಿ. ನೀನು ಅಮ್ಮನಿಗೆ ಫೋನ್ ಮಾಡಿ, ಆವತ್ತು ಅಂದದ್ದಕ್ಕೆ ತಪ್ಪಾಯಿತು ಎನ್ನು. ನಾನು ಈಗ ತಾನೇ ಅಡುಗೆಮನೆಗೆ ಹೋಗಿ ಅಂದು ಬಂದೆ. ಶನಿವಾರ ಓಲ್ಡ್ ಬ್ರಿಡ್ಜಿಗೆ ಹೋಗಿ ನಿಂಗಮ್ಮನವರ ಮುಂದೆ, ಆ ಪುಟ್ಟಸ್ವಾಮಿಯ ಮುಂದೆ, ನಡೆದದ್ದನ್ನು ಹೇಳುತ್ತೇನೆ. ಕೀ ಅಮ್ಮನ ಕೈಗೆ ಕೊಟ್ಟಿದ್ದೇನೆ, ಅವಳೇ ಕರೆದುಕೊಂಡು ಹೋಗಬೇಕು, ನನಗೆ ರಸ್ತೆ ಕಾಣುವುದಿಲ್ಲ. ಅವಳು ಆಗಲೇ ಮಕ್ಕಳ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಾಳೆ. ಹನ್ನೊಂದೂವರೆಗೆ ಕ್ಲಾಸಂತೆ, ಹತ್ತಕ್ಕೇ ಹೊರಡಬೇಕಂತೆ, ದಾರಿಯಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡು ಕೂತಿರಬೇಕಂತೆ.